ಹನ್ನೆರಡು ಮಂದಿಗೆ ಆಮಂತ್ರಣ, ಹಾಕಿದ್ದು ಎಂಟೇ ಎಲೆ

ಧಾರವಾಡದ ನಮ್ಮ ಕಾಕಾ ಮಗನ ಮನೆಗೆಂದು ಒಡಿಶಾದ ಒಂದು ಅಲ್ಯೂಮಿನಿಯಂ ಊರಿಗೆ ಹೋಗಿದ್ದಾರೆ. ಮೊನ್ನೆ ಬೆಳಿಗ್ಗೆ ಫೋನು.

"ತಮ್ಮಾ, ಮೊಬೈಲ್‌ನ್ಯಾಗ ಇಲ್ಲೀ ಗಾಳಿ ಹಸರು ತೋರಸ್ತೈತಿ. 'ತೃಪ್ತಿಕರ' ಅಂತ. ಅಂಗಳಕ್ಕ ಬಂದ್ರ ಹಳೇ ಟ್ರಂಕ್ ತೆಗದಂಗ ಡಾಂಬರ ಗುಳಿಗಿ ವಾಸನಿ. ಯಾರ್ನ ನಂಬ್ಲಿ? ಮೂಗೋ, ಮೊಬೈಲೋ?"

"ಮೂಗಿಗೆ ಸರಕಾರಿ ಮಾನ್ಯತಾ ಇಲ್ರೀ ಕಾಕಾ" ಅಂದೆ.

ಹಾಗಂತ ಅವರ ಮೂಗು ಸುಳ್ಳು ಹೇಳಿರಲಿಲ್ಲ. ಅಲ್ಯೂಮಿನಿಯಂ ತೆಗೆಯಲು ಇಂಗಾಲದ ಆನೋಡ್, ಅಂದರೆ ಕರೆಂಟು ಹಾಯಿಸುವ ದಿಮ್ಮಿ ಬೇಕು, ಒಂದು ಟನ್ ಲೋಹಕ್ಕೆ ಸುಮಾರು ನಾಲ್ಕು ಕ್ವಿಂಟಲ್. ಕೋಕ್ ಎಂಬ ಇಂಗಾಲದ ಪುಡಿಯನ್ನು ಕಲ್ಲಿದ್ದಲ ಡಾಂಬರಿನಲ್ಲಿ ಕಲಸಿ ಸುಟ್ಟರೆ ಆನೋಡ್. ಹಿಂದೆ ಸೋಡರ್‌ಬರ್ಗ್ ಪದ್ಧತಿಯಲ್ಲಿ ಈ ಹಸಿ ಮುದ್ದೆ ಲೋಹ ತೆಗೆಯುವ ಕುಂಡದ ಮೇಲೆಯೇ ಬೇಯುತ್ತಿತ್ತು. ಕೆನಡಾದ ಕ್ವಿಬೆಕ್‌ನಲ್ಲಿ ಆ ಹೊಗೆ ಕುಡಿದ ಕಾರ್ಮಿಕರಲ್ಲಿ ಮೂತ್ರಕೋಶದ ಕ್ಯಾನ್ಸರ್ ಹೆಚ್ಚಿದ್ದು ದಾಖಲಾಗಿದೆ. ಈಗ ಆನೋಡನ್ನು ಬೇರೆ ಕುಲುಮೆಯಲ್ಲಿ ಮೊದಲೇ ಸುಟ್ಟು ತರುತ್ತಾರೆ, ಹೊಗೆ ಎಷ್ಟೋ ಕಡಿಮೆ. ಆದರೆ ಡಾಂಬರು ಡಾಂಬರೇ.

ಅದರಿಂದ ಏಳುವ ಬಳಗದ ಹೆಸರು ಪಾಲಿಸೈಕ್ಲಿಕ್ (ಹಲವು ಉಂಗುರಗಳ) ಆರೊಮ್ಯಾಟಿಕ್ ಹೈಡ್ರೋಕಾರ್ಬನ್. ಆರೊಮ್ಯಾಟಿಕ್ ಅಂದರೆ ಸುವಾಸನೆಯದು! ನಾಮಕರಣದ ದಿನ ಪುರೋಹಿತರಿಗೆ ನೆಗಡಿ ಇದ್ದಿರಬೇಕು. ಇಂಗಾಲದ ಪರಮಾಣುಗಳ ಎರಡು ಉಂಗುರದವನು ನಾಫ್ತಲೀನ್, ಅಂದರೆ ಕಾಕಾ ಹೇಳಿದ ಗುಳಿಗೆ. ಐದು ಉಂಗುರದವನು ಬೆಂಜೋ-ಎ-ಪೈರೀನ್. ಮನುಷ್ಯನಿಗೆ ಕ್ಯಾನ್ಸರ್ ತರುತ್ತಾನೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮೊದಲ ದರ್ಜೆಯಲ್ಲೇ ಕೂರಿಸಿದೆ.

ನಮ್ಮ ಸರ್ಕಾರ ಇವನನ್ನು ಮರೆತಿಲ್ಲ. 2009ರ ನವೆಂಬರ್‌ನಲ್ಲಿ ಗಾಳಿಯ ರಾಷ್ಟ್ರೀಯ ಮಾನದಂಡ ಹೊರಡಿಸಿದಾಗ ಗಾಳಿ ಕೆಡಿಸುವ ಹನ್ನೆರಡು ಮಂದಿಗೆ ಆಮಂತ್ರಣ ಪತ್ರಿಕೆ ಹೋಯಿತು. ಇವನ ಮಿತಿ ಘನ ಮೀಟರಿಗೆ 1 ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು. ಯುರೋಪಿನವರು ಇಟ್ಟುಕೊಂಡ ಗುರಿಯೂ ಅಷ್ಟೇ. ಕಾಗದದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

2014ರಲ್ಲಿ ಊಟಕ್ಕೆ ಕೂರಿಸುವ ಹೊತ್ತು ಬಂತು. ಗಾಳಿ ಗುಣಮಟ್ಟ ಸೂಚ್ಯಂಕ: ಒಂದು ಅಂಕಿ, ಒಂದು ಬಣ್ಣ, ಒಂದು ವಿವರಣೆ. ಕಾಕಾನ ಮೊಬೈಲ್ ತೋರಿಸಿದ್ದು ಇದನ್ನೇ. ನೋಡಿದರೆ ಎಂಟೇ ಎಲೆ! ಬೆಂಜೀನ್, ಆರ್ಸೆನಿಕ್, ನಿಕ್ಕಲ್ ಮತ್ತು ನಮ್ಮ ಪೈರೀನಪ್ಪ ಬಾಗಿಲಲ್ಲೇ ಉಳಿದರು. ಯಾಕೆ? ದಿನದ ಅಥವಾ ಗಂಟೆಗಳ ಮಿತಿ ಇದ್ದವರಿಗೆ ಮಾತ್ರ ಎಲೆ, ಈ ನಾಲ್ವರಿಗೆ ಇರುವುದು ವರ್ಷದ ಮಿತಿ. ದಿನದ ಮಿತಿ ಯಾಕಿಲ್ಲ? ಇವರು ನಿಧಾನಕ್ಕೆ, ವರ್ಷಗಟ್ಟಲೆ ಸೇರಿ ಕೊಲ್ಲುವವರಂತೆ. ಅವಸರ ಮಾಡದ ಕೊಲೆಗಾರನಿಗೆ ಇಷ್ಟೂ ಮರ್ಯಾದೆ ಬೇಡವೇ? ವರ್ಷದ 365 ದಿನಗಳಲ್ಲಿ ಯಾವ ಒಂದು ದಿನದಲ್ಲೂ ಇವನು ಅಪರಾಧಿಯಾಗಲಾರ. ಸೋಮವಾರ ಎಷ್ಟೇ ಕುಣಿಯಲಿ, ಅದು ಸರಾಸರಿಗೆ ಸಲ್ಲಿಸಿದ ವಂತಿಗೆ, ಅಷ್ಟೇ.

ಸರಾಸರಿಗೆ ಬೇಕಾದದ್ದು ವಾರಕ್ಕೆರಡರಂತೆ ವರ್ಷಕ್ಕೆ ಕನಿಷ್ಠ 104 ಅಳತೆ. ಕಾಲೇಜಿನ ಹುಡುಗನಿಗೆ 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಗಾಳಿಗೆ ಇಪ್ಪತ್ತೆಂಟೂವರೆ ಸಾಕು. ಅಳೆಯುವ ಕೆಲಸವೂ ಮೀಟರ್ ಓದಿದಷ್ಟು ಸಲೀಸಲ್ಲ, ಪಾಪ. 24 ಗಂಟೆ ಗಾಳಿ ಹಾಯಿಸಿದ ಫಿಲ್ಟರ್ ಹಾಳೆಯನ್ನು ಪ್ರಯೋಗಾಲಯಕ್ಕೆ ಒಯ್ದು, ಟೊಲ್ಯೂಯಿನ್ ಎಂಬ ಸಾಲ್ವೆಂಟ್‌ನಲ್ಲಿ ಅದ್ದಿ ತೊಳೆದು, ಬೆರೆತದ್ದನ್ನು ಬಿಡಿಸಿ ತೋರಿಸುವ ಕ್ರೊಮ್ಯಾಟೋಗ್ರಾಫ್‌ಗೆ ಹಾಕಬೇಕು. ಉತ್ತರ ಬರುವಷ್ಟರಲ್ಲಿ ಆ ದಿನದ ಗಾಳಿ ಯಾರ ಎದೆ ಸೇರಬೇಕೋ ಸೇರಿರುತ್ತದೆ.

ಇನ್ನು ಹಾಳೆಗೆ ಅಂಟಿದ ಕಣದಲ್ಲಿದ್ದರೆ ಮಾತ್ರ ಲೆಕ್ಕ. ಕಾಕಾನ ಗುಳಿಗೆಯಂಥ ಹಗುರದವರು ಆವಿಯಾಗಿ ಹಾಳೆ ದಾಟಿ ಹೋಗುತ್ತಾರೆ. ಅಮೆರಿಕದವರು ಈ ಬಳಗದ ಹದಿನಾರು ಮಂದಿಯನ್ನು ಪಟ್ಟಿ ಮಾಡಿಟ್ಟಿದ್ದಾರೆ. ನಮ್ಮಲ್ಲಿ ಒಬ್ಬನೇ. ಕುಟುಂಬಕ್ಕೆಲ್ಲ ಯಜಮಾನನ ಹೆಸರಲ್ಲಿ ಒಂದು ರೇಷನ್ ಕಾರ್ಡು, ಆ ಕಾರ್ಡೂ ಅಂಗಡಿಯಲ್ಲಿ ನಡೆಯುವುದಿಲ್ಲ.

ಇಷ್ಟನ್ನೂ ಕಾಕಾಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದೆಲ್ಲ ಇರ್ಲಿ. ಇವತ್ತ ವಾಕಿಂಗ್ ಹೋಗ್ಲ್ಯೋ, ಬ್ಯಾಡೋ?"

"ವರ್ಷದ ಸರಾಸರಿ ಬರ್ಲಿ, ಹೇಳ್ತೀನ್ರೀ."

"ಆತು ಬಿಡಪಾ. ನಿಮ್ಮ ಕಾಕು ಅರಿವಿ ಗಂಟಿಗೆ ಹಾಕಾಕ ಗುಳಿಗಿ ತರ್ರಿ ಅಂದಿದ್ಲು. ಕಿಡಕಿ ತೆಗದಿಡು ಅಂತೀನಿ."