ಸ್ಪಷ್ಟನೆ: ಕಬ್ಬಿನ ಗಾಣದ ಗೇರ್‌ಬಾಕ್ಸ್‌ಗೆ ಕಂಠಪೂರ್ತಿ ಆಯಿಲ್ ತುಂಬಬೇಡಿ

'ಗೇರ್‌ಬಾಕ್ಸ್ ತುಂಬ ಆಯಿಲ್ ಹಾಕಿದರೆ ಬಿಸಿಯಾಗಲ್ಲ, ಕರೆಂಟೂ ಉಳಿಯುತ್ತೆ' ಎಂಬ ಮೆಸೇಜ್ ಮಂಡ್ಯ, ಪಾಂಡವಪುರ ಕಡೆಯ ಆಲೆಮನೆ ಗ್ರೂಪ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಆಗುವುದು ಉಲ್ಟಾ. ಮುಳುಗಿದ ಗೇರ್ ಅಷ್ಟೂ ಆಯಿಲನ್ನು ಕಡೆಯುತ್ತಲೇ ಇರಬೇಕು. ಕಬ್ಬು ಹಾಕದೆ ಖಾಲಿ ಓಡಿಸಿದರೂ ಈ ಶಕ್ತಿನಷ್ಟ ತಪ್ಪದು. ವೇಗ ಹೆಚ್ಚಿದಂತೆ ಅದೂ ಏರುತ್ತದೆ. ಹೋದ ಶಕ್ತಿಯೆಲ್ಲ ಶಾಖವಾಗುತ್ತದೆ. ಆಯಿಲ್ ತೆಳುವಾಗಿ, ನೊರೆಯೆದ್ದು, ಶಾಫ್ಟ್ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ರಿಂಗ್) ಬಳಿ ಜಿನುಗುತ್ತದೆ.

ಹೆಲಿಕಲ್ (ಓರೆ ಹಲ್ಲಿನ) ಗೇರಿನಲ್ಲಿ ಸಾಮಾನ್ಯವಾಗಿ ಕೆಳಗಿನ ಚಕ್ರ ಹಲ್ಲಿನ ಎತ್ತರದ ಎರಡು-ಮೂರು ಪಟ್ಟು ಮುಳುಗಿದರೆ ಸಾಕು. ವರ್ಮ್ (ಸ್ಕ್ರೂನಂಥ) ಗೇರಿನ ಲೆಕ್ಕ ಬೇರೆ, ಹಾಗಾಗಿ ತಯಾರಕರು ಕೊಟ್ಟ ಆಯಿಲ್ ಮಟ್ಟದ ಗುರುತೇ ಅಂತಿಮ. ಯಂತ್ರ ನಿಲ್ಲಿಸಿ, ಆಯಿಲ್ ಕೆಳಗಿಳಿದ ಮೇಲೆ ಸೈಟ್ ಗ್ಲಾಸ್ (ಆಯಿಲ್ ಮಟ್ಟ ತೋರಿಸುವ ಗಾಜು) ನೋಡಿ. ಹೆಚ್ಚಿದ್ದರೆ ಡ್ರೇನ್ ಪ್ಲಗ್‌ನಿಂದ ಇಳಿಸಿ. ಗುರುತಿಗಿಂತ ಕಡಿಮೆಯಾದರೆ ಹಲ್ಲು ಸವೆಯುತ್ತದೆ, ಅದೂ ಬೇಡ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ.