ಎಲೆ ನೋಡಲು ವರ್ಮಾಂಟ್‌ಗೆ ಹೋಗುವವರಿಗೆ

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿ ಕಡೆಯ ಗೆಳೆಯರ ಫೋಟೋಗಳೆಲ್ಲ ಕೆಂಪು ಕೆಂಪು. ಎಲ್ಲರೂ ವರ್ಮಾಂಟ್ ರಾಜ್ಯಕ್ಕೆ ಕೆಂಪಾದ ಎಲೆ ನೋಡಲು ಹೋಗಿರುತ್ತಾರೆ. "ನಿಮ್ಮ ಅಯೋವಾದಲ್ಲಿ ಏನಿದೆಯಪ್ಪಾ, ಬರೀ ಜೋಳ" ಅಂತ ಒಬ್ಬರಾದರೂ ಕಾಲೆಳೆಯುತ್ತಾರೆ. ಹೌದು, ಜೋಳವೇ ಇದೆ. ಅಮೆರಿಕದಲ್ಲೇ ಅತಿ ಹೆಚ್ಚು ಮೆಕ್ಕೆಜೋಳ ಬೆಳೆಯುವ ರಾಜ್ಯ ಇದು. ಹಾವೇರಿ ಕಡೆಯ ನನಗೆ ಈ ಸೀಮೆಯ ಅಕ್ಟೋಬರ್ ಇಷ್ಟವಾಗುವುದೇ ಅದಕ್ಕೆ. ಇಲ್ಲಿ ಈಗ ಸುಗ್ಗಿ.

ಮೊದಲು ಸೋಯಾಬೀನ್ ಕಟಾವು. ಸಂಜೆ ಇಬ್ಬನಿ ಇಳಿದರೆ ಅದನ್ನು ನಿಲ್ಲಿಸಬೇಕಾಗುತ್ತದೆ. ಜೋಳಕ್ಕೆ ಆ ರಗಳೆ ಕಡಿಮೆ. ರಾತ್ರಿ ಹತ್ತಕ್ಕೂ ಕಟಾವು ಮಾಡುವ ಕಂಬೈನ್ ಯಂತ್ರಗಳು ಲೈಟ್ ಹಾಕಿಕೊಂಡು ಧೂಳಿನೊಳಗೆ ಓಡಾಡುತ್ತಿರುತ್ತವೆ. ಹಗಲು ಹಳ್ಳಿ ರಸ್ತೆಗೆ ಇಳಿದರೆ ಮುಂದೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ನಿಧಾನದ ಗಾಡಿ ಅಂತ ಹೇಳುವ ಕಿತ್ತಳೆ ಬಣ್ಣದ ತ್ರಿಕೋನ, ಅದರ ಹಿಂದೆ ನಾವು. ಯಾರೂ ಹಾರ್ನ್ ಮಾಡುವುದಿಲ್ಲ. ಎದುರು ಬರುವ ಪಿಕಪ್‌ನವನು ಸ್ಟೀರಿಂಗ್ ಬಿಡದೆ ತೋರುಬೆರಳು ಮಾತ್ರ ಎತ್ತುತ್ತಾನೆ. ಅದೇ ನಮಸ್ಕಾರ.

ರೈತರಿಂದ ಕಾಳು ಕೊಂಡು ತುಂಬಿಡುವ ದೊಡ್ಡ ಕಣಜಕ್ಕೆ ಇಲ್ಲಿ ಎಲಿವೇಟರ್ ಅನ್ನುತ್ತಾರೆ. ಅದರ ಹತ್ತಿರ ಒಂದು ಹೊತ್ತು ಸುಮ್ನೆ ನಿಂತು ನೋಡಬೇಕು. ಟ್ರಕ್ ಬಂದು ನಿಂತ ತಕ್ಷಣ ಮೇಲಿನಿಂದ ಉದ್ದನೆಯ ಕೊಳವೆಯೊಂದು ಇಳಿದು ಕಾಳಿನ ರಾಶಿಗೆ ಚುಚ್ಚಿಕೊಳ್ಳುತ್ತದೆ. ಸ್ಯಾಂಪಲ್ ಎಳೆದು ಆಫೀಸಿನೊಳಗೆ ಕಳಿಸುತ್ತದೆ. ಜೋಳದ ತೇವಾಂಶ 15%ಗಿಂತ ಜಾಸ್ತಿ ಇದ್ದರೆ ದುಡ್ಡು ಕಟ್. ನಮ್ಮ ಎಪಿಎಂಸಿಯಲ್ಲಿ ಮೀಟರ್ ನೋಡಿ "ಹಸಿ ಐತಿ" ಅಂದಾಗ ರೈತನ ಹುಬ್ಬು ಗಂಟಿಕ್ಕುತ್ತದಲ್ಲ, ಇಲ್ಲೂ ಅಷ್ಟೇ. ಒಣಗಿಸುವ ರೀತಿ ಮಾತ್ರ ಬೇರೆ. ನಮ್ಮವರು ಗೋವಿನಜೋಳವನ್ನು ಹೈವೇ ಮೇಲೇ ಹರಡುತ್ತಾರೆ, ಲಾರಿಯವರು ಬೈದುಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಇಲ್ಲಿ ಗ್ಯಾಸ್ ಉರಿಸಿ ಬಿಸಿಗಾಳಿ ಬಿಡುತ್ತಾರೆ. ನಮ್ಮ ಬಡಾವಣೆಯ ಹಿಂದಿನ ಹೊಲದ ಫ್ಯಾನ್ ರಾತ್ರಿಯಿಡೀ ಗುಂಯ್ ಅನ್ನುತ್ತಿರುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಬೆಳೆದ ಜೋಳದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಎಥನಾಲ್‌ಗೆ! ಗಾಡಿಗೆ ಹಾಕಲು ಇಷ್ಟು ಫಲವತ್ತಾದ ಮಣ್ಣು ಸವೆಸಬೇಕಾ ಅಂತ ನನಗೆ ಪ್ರತಿ ವರ್ಷ ಅನಿಸುತ್ತದೆ. ಇಲ್ಲಿನವರ ಹತ್ತಿರ ಇದನ್ನು ಹೇಳಿದರೆ ಚಹಾ ಸಿಗುವುದಿಲ್ಲ, ಬಿಡಿ.

ಸೋಯಾಬೀನ್ ಕಟಾವಾದ ಮೇಲೆ ಹೊಲದ ಕೆಂಪು ಹುಳುಗಳು ಮನೆಗೆ ಬರುತ್ತವೆ. ಗಿಡಹೇನು ತಿನ್ನಲಿ ಅಂತ ಏಷ್ಯಾದಿಂದ ತರಿಸಿದ್ದ ಲೇಡಿ ಬೀಟಲ್‌ಗಳು. ಬಿಸಿಲು ಬೀಳುವ ಕಿಟಕಿಯ ತುಂಬ ಅವೇ. ಒರೆಸಿದರೆ ಹಳದಿ ಕಲೆ, ಮೇಲೆ ಕೆಟ್ಟ ವಾಸನೆ. ವ್ಯಾಕ್ಯೂಮ್ ಒಂದೇ ದಾರಿ.

ಅದೇ ವಾರ ಕರಿಬೇವಿನ ಕುಂಡವೂ ಒಳಗೆ ಬರಬೇಕು. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ರಾಜಕೀಯಕ್ಕಿಂತ ಜಾಸ್ತಿ ಚರ್ಚೆ ಇದರದ್ದೇ. "ಇವತ್ತು ರಾತ್ರಿ ಫ್ರಾಸ್ಟ್ ಅಂತೆ, ಗಿಡ ಒಳಗೆ ತಗೊಂಡ್ರಾ ಅಕ್ಕಾ?" ಎಲೆ ತೊಳೆದು, ಅಡಿಭಾಗ ತಿರುಗಿಸಿ ನುಸಿ ನೋಡಿ, ದಕ್ಷಿಣದ ಕಿಟಕಿಗೆ ಇಡಬೇಕು. ಆಮೇಲೆ ಏಪ್ರಿಲ್‌ವರೆಗೂ ಒಗ್ಗರಣೆಗೆ ಎಸಳು ಎಣಿಸಿ ಹಾಕುವುದು.

ಮಕ್ಕಳು ವೇಷ ಹಾಕಿ ಮನೆಮನೆಗೆ ಬರುವ ಹ್ಯಾಲೋವೀನ್ ವಿಷಯದಲ್ಲಿ ನಮ್ಮ ರಾಜಧಾನಿ ಡೆಮೊಯ್ನ್‌ನವರ ರೂಢಿ ನನಗೆ ಬಹಳ ಹಿಡಿಸಿತು. ಚಾಕೊಲೇಟ್ ಬೇಕಾದರೆ ಮಕ್ಕಳು ಮೊದಲು ಜೋಕ್ ಹೇಳಬೇಕು. ಪುಕ್ಕಟೆ ಏನೂ ಇಲ್ಲ. ಚಳಿಗೆ ವೇಷದ ಮೇಲೆ ದಪ್ಪ ಜಾಕೆಟ್ ಹಾಕಿಸಿರುತ್ತಾರೆ, ಯಾರು ಹುಲಿ, ಯಾರು ರಾಜಕುಮಾರಿ ಗೊತ್ತಾಗುವುದಿಲ್ಲ. ಹೋದ ವರ್ಷ ಬಂದ ಒಬ್ಬ ಪುಟ್ಟ ಡೈನೋಸಾರ್ ಜೋಕ್ ಮರೆತು ಅಪ್ಪನ ಮುಖ ನೋಡಿದ. ಅಪ್ಪನಿಗೂ ಮರೆತಿತ್ತು. ಇಬ್ಬರಿಗೂ ಕೊಟ್ಟೆ.

ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಊರಿಗೂ ನಮಗೂ ಇದ್ದ ಹತ್ತೂವರೆ ಗಂಟೆ ಅಂತರ ಹನ್ನೊಂದೂವರೆ ಆಗುತ್ತದೆ. "ಸರ್ಕಾರದವ್ರು ಟೈಮ್ ಹೆಂಗ ಬದಲು ಮಾಡ್ತಾರ?" ಅಂತ ಅಮ್ಮನಿಗೆ ಇವತ್ತಿಗೂ ಅನುಮಾನ. ನಾನು ವಿವರಿಸುವುದನ್ನು ಬಿಟ್ಟಿದ್ದೇನೆ.

ಆದ್ದರಿಂದ ಎಲೆಯವರೇ, ಒಂದು ಸಲ ಅಕ್ಟೋಬರ್ ನಡುವೆ ಈ ಕಡೆ ಬನ್ನಿ. ಮೇಪಲ್, ಓಕ್ ನಮ್ಮಲ್ಲೂ ಇವೆ, ಉದುರಿದ್ದನ್ನು ಗುಡಿಸಲು ಕೈ ಬೇಕು. ಹಳ್ಳಿ ರಸ್ತೆಯಲ್ಲಿ ಕತ್ತಲಾದ ಮೇಲೆ ಮಾತ್ರ ನಿಧಾನ. ಜಿಂಕೆಗಳ ಓಡಾಟ ಜಾಸ್ತಿಯಾಗುವ ಕಾಲ ಇದು. ಒಂದು ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ, ಹಿಂದೆ ಇನ್ನೊಂದು ಇರುತ್ತದೆ.