ನಮೂನೆ 4ರ ಮಾಲೀಕ

ಮಾರ್ಚ್ ಮೊದಲ ವಾರ ಕೌಲ್ ಬಜಾರಿನ ಕಟಿಂಗ್ ಶಾಪಿನಲ್ಲಿ ಪಾಳಿಗೆ ಕಾಯುತ್ತ ಕೂತಿದ್ದೆ. ಕೈಗೆ ಬಳ್ಳಾರಿಯದೇ ಒಂದು ದಿನಪತ್ರಿಕೆ ಸಿಕ್ಕಿತು. ಹೆಸರು ಬೇಡ. ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗೂ ಕೈಲಾಸ ಸಮಾರಾಧನೆಗೂ ನಡುವೆ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ 'ನಮೂನೆ 4' ಎಂದಿತ್ತು.

ಇದು 1956ರ ನಿಯಮದಿಂದ ಬಂದ ಪದ್ಧತಿ. ಫೆಬ್ರವರಿ ಮುಗಿದ ಮೇಲಿನ ಸಂಚಿಕೆಯಲ್ಲಿ ಪತ್ರಿಕೆ ತನ್ನ ಜಾತಕ ಹೇಳಿಕೊಳ್ಳಬೇಕು: ಮುದ್ರಕ ಯಾರು, ಪ್ರಕಾಶಕ ಯಾರು, ಸಂಪಾದಕ ಯಾರು, ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲು ಯಾರದು. ಕೊನೆಗೆ 'ನಾನು ತಿಳಿದ ಮತ್ತು ನಂಬಿದ ಮಟ್ಟಿಗೆ ಇವೆಲ್ಲ ಸತ್ಯ' ಎಂದು ಪ್ರಕಾಶಕನ ಸಹಿ. ಇಡೀ ವರ್ಷದಲ್ಲಿ ಈ ಪತ್ರಿಕೆ ತಾನು ಅಚ್ಚು ಮಾಡಿದ್ದು ಸತ್ಯ ಎಂದು ಸಹಿ ಹಾಕುವುದು ಇದೊಂದಕ್ಕೇ.

ಮಾಲೀಕ, ಮುದ್ರಕ, ಪ್ರಕಾಶಕ, ಸಂಪಾದಕ, ನಾಲ್ಕೂ ಒಂದೇ ಹೆಸರು. ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದೆ.

"ನಮ್ಮ ಓಣಿ ಹುಡುಗನೇ ಸರ. ಗಣಿ ಸಾಹುಕಾರ್ರ ಕಾರು ಓಡಸ್ತಾನ" ಎಂದ ಕತ್ತರಿ ನಿಲ್ಲಿಸದೆ.

ಪತ್ರಿಕೆಗೆ ಬೇರೆ ಕಸುಬಿನವರು ಮಾಲೀಕರಾಗುವುದು ಹೊಸದೇನಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದ ಮೊಗ್ಲಿಂಗ್ ಪಾದ್ರಿ. ಅದು ಮರುವರ್ಷವೇ ಕಲ್ಲಚ್ಚು ಬಿಟ್ಟು, ಅಚ್ಚುಮೊಳೆ ಹುಡುಕಿಕೊಂಡು ನಮ್ಮ ಬಳ್ಳಾರಿಗೇ ಬಂತು. 1948ರಲ್ಲಿ 'ಪ್ರಜಾವಾಣಿ' ಶುರು ಮಾಡಿದ ಗುರುಸ್ವಾಮಿಯವರದು ಅಬಕಾರಿ ಗುತ್ತಿಗೆ. 1999ರಲ್ಲಿ 'ವಿಜಯ ಕರ್ನಾಟಕ' ತಂದ ಸಂಕೇಶ್ವರರದು ಲಾರಿ ವ್ಯವಹಾರ. 2006ರಲ್ಲಿ ಟೈಮ್ಸ್‌ನವರಿಗೆ ಮಾರಿ, 2012ರಲ್ಲಿ 'ವಿಜಯವಾಣಿ' ಎಂದು ಇನ್ನೊಂದನ್ನು ಕಟ್ಟಿದರು. ಪತ್ರಿಕೆ ಯಾರದು ಎಂದು ಕೇಳಿದರೆ ಹಾದಿಹೋಕರೂ ಹೇಳುತ್ತಿದ್ದರು. ನಮ್ಮ ಸಾಹುಕಾರರದು ಮಾತ್ರ ಬಲು ನಾಚಿಕೆಯ ಸ್ವಭಾವ. ಹುಟ್ಟುಹಬ್ಬಕ್ಕೆ ರಾಯಲ್ ಸರ್ಕಲ್ಲಿನ ತುಂಬ ತಮ್ಮದೇ ಫ್ಲೆಕ್ಸ್ ಕಟ್ಟಿಸುತ್ತಾರೆ, ನಮೂನೆ 4ಕ್ಕೆ ಬಂದರೆ ಡ್ರೈವರನ ಬೆನ್ನ ಹಿಂದೆ ಅಡಗುತ್ತಾರೆ.

ಹಾಗಂತ ನಿಜವಾದ ಮಾಲೀಕರನ್ನು ಪತ್ತೆ ಹಚ್ಚುವುದು ಕಷ್ಟವೇನಲ್ಲ. ಪತ್ರಿಕೆಯಲ್ಲಿ ಏನು ಬಂದಿಲ್ಲ ಅನ್ನುವುದನ್ನು ಓದಬೇಕು, ಅಷ್ಟೇ. 2011ರ ಜುಲೈ 27ಕ್ಕೆ ಲೋಕಾಯುಕ್ತರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಊರಿಗೆ ಊರೇ ಟಿ.ವಿ. ಮುಂದೆ. ನಮ್ಮ ಪತ್ರಿಕೆಯ ಮುಖಪುಟದಲ್ಲಿ ತುಂಗಭದ್ರಾ ಡ್ಯಾಮಿನ ಒಳಹರಿವು. ಮರುದಿನ ಹೊರಹರಿವು. ಕೆಂಪು ಧೂಳು ಪೇಪರಿನ ಮೇಲೆ ಕೂತಿತ್ತು, ಒಳಗೆ ಒಂದು ಕಣವೂ ನುಸುಳಿರಲಿಲ್ಲ.

"ಅವನಿಗೆ ತಾನು ಮಾಲೀಕ ಅಂತ ಗೊತ್ತೋ ಇಲ್ಲೋ?" ಎಂದೆ.

"ಮೊದಲು ಎಲ್ಲಿ ಗೊತ್ತಿತ್ರಿ? ಎಲ್ಲಿ ಸಹಿ ಅಂದ್ರೆ ಅಲ್ಲಿ ಹಾಕಿದ್ದ. ಹೋದ ವರ್ಷ ಯಾರೋ ಮಾನನಷ್ಟದ ಕೇಸ್ ಹಾಕಿದ್ರು ನೋಡ್ರಿ, ನೋಟಿಸು ಇವನ ಮನೀಗೇ ಬಂತು. ಅವತ್ತು ಗೊತ್ತಾತು."

"ಸಾಹುಕಾರರು ಏನಂದರಂತೆ?"

"ಸಂಪಾದಕರು ನೀವು, ನೀವೇ ನೋಡಿಕೊಳ್ರಿ ಅಂದ್ರಂತ. ಹತ್ತು ವರ್ಷಕ್ಕ ಮೊದಲ ಸಲ ಬಹುವಚನ ಹಚ್ಚಿ ಕರೆದ್ರು ಅಂತ ಹೆಂಡತಿ ಮುಂದ ಹೇಳಿಕೊಂಡು ಅತ್ತನಂತ ಸರ."